ಲೈಟ್ ಆರಿಸಿದ ಮೇಲೆ ಕಾಣುವ ಗಡ್ಡೆ

ನಾನು ಆಪರೇಷನ್ ಥಿಯೇಟರ್ ನರ್ಸ್. ಮಿದುಳಿನ ಕೆಲವು ಗಡ್ಡೆ ತೆಗೆಯುವಾಗ ನಡುವೆ ನಮ್ಮ ಸರ್ಜನ್ "ಲೈಟ್ ಆರಿಸಿ" ಅನ್ನುತ್ತಾರೆ. ಮೈಕ್ರೋಸ್ಕೋಪಿನ ನೀಲಿ ಬೆಳಕು ಬಿದ್ದಾಗ ಚೆನ್ನಾಗಿರುವ ಮಿದುಳು ಕಡುನೀಲಿಯಾಗಿ ಉಳಿಯುತ್ತದೆ, ಗಡ್ಡೆ ಕೆಂಪಗೆ ಹೊಳೆಯುತ್ತದೆ. ಬಿಳಿ ಬೆಳಕಲ್ಲಾದರೆ ಅಂಚಿನಲ್ಲಿ ಯಾವುದು ಯಾವುದೆಂದು ಹೇಳೋದು ಕಷ್ಟ.

ರೋಗಿಗೆ ನಾವು ಕುಡಿಸುವುದು ಬಣ್ಣವೇ ಅಲ್ಲ. ಅಮೈನೋಲೆವುಲಿನಿಕ್ ಆಮ್ಲದ ಪುಡಿಯನ್ನು ನೀರಲ್ಲಿ ಕರಗಿಸಿ, ಅರಿವಳಿಕೆಗೆ ಸುಮಾರು ಮೂರು ಗಂಟೆ ಮೊದಲು ಕೊಡುತ್ತೇವೆ. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ತಯಾರಾಗುವ ದಾರಿಯಲ್ಲೇ ಜೀವಕೋಶ ಅದರಿಂದ ಪ್ರೋಟೋಪಾರ್ಫಿರಿನ್ ಎಂಬ ಪಾರ್ಫಿರಿನ್ ಜಾತಿಯ ವಸ್ತು ಮಾಡುತ್ತದೆ. ಹೊಳೆಯುವುದು ಅದೇ. ಕ್ಯಾನ್ಸರ್ ಕೋಶಗಳಲ್ಲಿ ಅದು ಜಾಸ್ತಿ ಉಳಿದುಬಿಡುತ್ತದೆ. ಹಾಗಂತ ಎಲ್ಲ ಗಡ್ಡೆಯೂ ಹೊಳೆಯಲ್ಲ. ನಿಧಾನವಾಗಿ ಬೆಳೆಯುವಂಥವು ಎಷ್ಟೋ ಸಲ ಮಂಕಾಗೇ ಇರುತ್ತವೆ. ಮೇಲೆ ತೆಳ್ಳಗೆ ರಕ್ತ ಹರಡಿದರೂ ಸಾಕು, ಕೆಂಪು ಮಾಯ. ಆಗ ಮತ್ತೆ ಬಿಳಿ ಲೈಟು, ತೊಳೆಯೋದು, ಮತ್ತೆ ನೀಲಿ.

ಚರ್ಮದ ವಿಭಾಗದಲ್ಲಿ ಇದೇ ಔಷಧಿಯನ್ನು ಹಚ್ಚಿ ಕೆಂಪು ಬೆಳಕು ಬಿಡುತ್ತಾರೆ. ಅಲ್ಲಿ ಕೆಲಸ ತೋರಿಸುವುದಲ್ಲ, ಕೊಲ್ಲುವುದು. ಬೆಳಕು ತಾಗಿದ ಪಾರ್ಫಿರಿನ್ ಪಕ್ಕದ ಆಮ್ಲಜನಕವನ್ನು ಕೆರಳಿಸುತ್ತದೆ, ಅದು ಕೋಶವನ್ನು ಸುಡುತ್ತದೆ. ಬೆಳಕು ಕೆಲವೇ ಮಿಲಿಮೀಟರ್ ಒಳಗೆ ಹೋಗುವುದರಿಂದ ದಪ್ಪ ಗಡ್ಡೆಗೆ ಇದು ಆಗಿಬರಲ್ಲ. "ನೋವಿಲ್ಲದ ಚಿಕಿತ್ಸೆ" ಅನ್ನೋ ಮಾತು ನನಗೆ ಸಿಟ್ಟು ತರಿಸುತ್ತದೆ. ಉರಿ ಸಾಕಷ್ಟು ಇರುತ್ತದೆ, ಮೊದಲೇ ಹೇಳಿಬಿಡಬೇಕು ಅಲ್ವಾ?

ಮನೆಯವರಿಗೆ ನಾನು ಜಾಸ್ತಿ ಹೇಳುವುದು ಆಮೇಲೆ ಬಿಸಿಲು, ಬೆಳಕಿನ ಬಗ್ಗೆ ಇರಬೇಕಾದ ಎಚ್ಚರಿಕೆ. 1912ರಲ್ಲಿ ಜರ್ಮನಿಯ ಡಾಕ್ಟರ್ ಮೇಯರ್-ಬೆಟ್ಜ್ ಇಂಥದ್ದೇ ಪಾರ್ಫಿರಿನ್ 200 ಮಿಲಿಗ್ರಾಂ ತಮಗೇ ಚುಚ್ಚಿಕೊಂಡು ನೋಡಿದರು. ಬಿಸಿಲು ಬಿದ್ದ ಮುಖ, ಕೈ ಊದಿಕೊಂಡವು. ಈಗಲೂ ಲೆಕ್ಕ ಅದೇ. ಕುಡಿಯುವ ಔಷಧಿಗೆ ಒಂದೆರಡು ದಿನ ಎಚ್ಚರಿಕೆ ಸಾಕು. ಅನ್ನನಾಳ, ಶ್ವಾಸಕೋಶದ ಗಡ್ಡೆಗೆ ರಕ್ತನಾಳದಲ್ಲಿ ಕೊಡುವ ಇಂಥದ್ದೇ ಔಷಧಿ ಪೋರ್ಫಿಮರ್‌ಗೆ ಕನಿಷ್ಠ 30 ದಿನ ಬೇಕು. ಸನ್‌ಸ್ಕ್ರೀನ್ ನಂಬಬೇಡಿ. ಅದು ತಡೆಯುವುದು ಹೆಚ್ಚಾಗಿ ನೇರಳಾತೀತ ಕಿರಣವನ್ನು, ಇಲ್ಲಿ ತೊಂದರೆ ಕಣ್ಣಿಗೆ ಕಾಣುವ ಬೆಳಕಿನದು. ಉದ್ದ ತೋಳು, ಟೋಪಿ, ಕಪ್ಪು ಕನ್ನಡಕವೇ ಗತಿ.

ಹಾಗೆಂದು ಕತ್ತಲೆ ಕೋಣೆಯಲ್ಲೂ ಕೂರಿಸಬೇಡಿ. ಮನೆಯೊಳಗಿನ ಸಾಧಾರಣ ಬೆಳಕು ಚರ್ಮದಲ್ಲಿ ಉಳಿದ ಔಷಧಿಯನ್ನು ನಿಧಾನಕ್ಕೆ ಕರಗಿಸುತ್ತದೆ. ಹತ್ತಿರದ ಪ್ರಖರ ಲೈಟು ಮಾತ್ರ ಬೇಡ. ಆ ದಿನಗಳಲ್ಲಿ ಹಲ್ಲು ತೋರಿಸಬೇಕಾಗಿ ಬಂದರೆ, ಕುರ್ಚಿಯಲ್ಲಿ ಕೂರುವ ಮೊದಲೇ ದಂತವೈದ್ಯರಿಗೆ ವಿಷಯ ಹೇಳಿ.