ಕಾಫಿ ತೊಟ್ಟಿಯಲ್ಲಿ ನಮ್ಮ ನೆಂಟರು

ಚಿಕ್ಕಮಗಳೂರು ಕಡೆ ಅರೇಬಿಕಾ ಕುಯ್ಲು ಜೋರು. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ನಿಂದ ಬಂದ ಬೀಜ ತೊಟ್ಟಿಯಲ್ಲಿ ಕೂತರೆ ಅದಕ್ಕಂಟಿದ ಲೋಳೆ ಬಿಡುತ್ತದೆ. ಸುಮ್ನೆ ಬಿಡುವುದಿಲ್ಲ, ಬ್ಯಾಕ್ಟೀರಿಯಾ ಮತ್ತು ಯೀಸ್ಟ್ ಅದನ್ನು ತಿನ್ನುತ್ತಿರುತ್ತವೆ. ಎರಡೂ ಒಂದೇ ಕೋಶದ ಜೀವಿಗಳು. ಆದರೂ ಯೀಸ್ಟ್ ಬ್ಯಾಕ್ಟೀರಿಯಾಕ್ಕಿಂತ ನಮಗೇ ಹತ್ತಿರದ ನೆಂಟ!

ಯೀಸ್ಟ್ ನಮ್ಮ ಹಾಗೆ ಯೂಕ್ಯಾರಿಯೋಟ್. ಡಿಎನ್‌ಎ ಪೊರೆಯೊಳಗಿನ ಕೋಶಕೇಂದ್ರದಲ್ಲಿ, ಜೊತೆಗೆ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ. ಪ್ರೋಕ್ಯಾರಿಯೋಟ್ ಆದ ಬ್ಯಾಕ್ಟೀರಿಯಾಕ್ಕೆ ಇವೆರಡೂ ಇಲ್ಲ. ಪ್ರೋಟೀನ್ ಕಟ್ಟುವ ರೈಬೋಸೋಮ್ ಇದೆ, ಆದರೆ ಚಿಕ್ಕದು, 70ಎಸ್ ಅಳತೆಯದು. ನಮ್ಮ ಕೋಶದ್ರವದಲ್ಲಿರುವುದು 80ಎಸ್. ಕೆಲವು ಆಂಟಿಬಯೋಟಿಕ್‌ಗಳು ಬ್ಯಾಕ್ಟೀರಿಯಾವನ್ನು ಹೊಡೆದು ನಮ್ಮನ್ನು ಬಿಡುವುದು ಇಷ್ಟು ಸಣ್ಣ ವ್ಯತ್ಯಾಸ ಹಿಡಿದೇ. ಎಲೆ ತುಕ್ಕು ರೋಗ ತರುವ ಶಿಲೀಂಧ್ರವೂ ಯೂಕ್ಯಾರಿಯೋಟ್, ಹಾಗಾಗಿ ಅಲ್ಲಿ ಈ ಆಟ ನಡೆಯುವುದಿಲ್ಲ. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣದಂಥ ಶಿಲೀಂಧ್ರನಾಶಕವೇ ಹೊಡೆಯಬೇಕು.

ನನಗೆ ಜಾಸ್ತಿ ಇಷ್ಟವಾದ ವಿಷಯ ಬೇರೆ. ಮೈಟೊಕಾಂಡ್ರಿಯಾವೂ ಒಂದು ಕಾಲದಲ್ಲಿ ಬ್ಯಾಕ್ಟೀರಿಯಾನೇ ಅಂತೆ. ಇನ್ನೊಂದು ಕೋಶದ ಒಳಗೆ ಹೊಕ್ಕಿತು, ಅರಗಲಿಲ್ಲ, ಅಲ್ಲೇ ಸಂಸಾರ ಹೂಡಿತು. 1967ರಲ್ಲಿ ಅಮೆರಿಕದ ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ ಇದನ್ನು ವಾದಿಸಿದಾಗ ಒಪ್ಪಿದವರು ಕಡಿಮೆ. ಈಗ ಪಾಠದಲ್ಲೇ ಇದೆ. ಮೈಟೊಕಾಂಡ್ರಿಯಾಕ್ಕೆ ಇವತ್ತಿಗೂ ತನ್ನದೇ ಡಿಎನ್‌ಎ ಇದೆ. ನಾವು ಎಳೆದುಕೊಳ್ಳುವ ಆಮ್ಲಜನಕದಲ್ಲಿ ಬಹುಪಾಲು ಹೋಗುವುದೂ ಅದಕ್ಕೇ. ಹಾಗಾದರೆ ಮನೆ ಯಜಮಾನರು ಯಾರು ಅಂತ ಕೇಳಬೇಕು, ಅಲ್ವಾ?