ಸಿನ್ಸಿನಾಟಿಗೆ ಹೋಗ್ತೀರಾ? ಸ್ಟೇಡಿಯಂಗಿಂತ ಮೊದಲು ರೈಲ್ವೆ ಸ್ಟೇಷನ್ ನೋಡಿ

ನಮ್ಮಪ್ಪನಿಗೆ ಬೇಸ್‌ಬಾಲ್ ಅಂದ್ರೆ ಅಷ್ಟಕ್ಕಷ್ಟೆ. ಟಿ.ವಿ.ಯಲ್ಲಿ ಬಂದ್ರೆ "ಇದೇನೋ, ಲಗೋರಿ ಆಡಿದ ಹಾಗೆ ಓಡ್ತಾರೆ" ಎಂದು ಚಾನೆಲ್ ಬದಲಿಸುತ್ತಾರೆ. ಹೋದ ಬೇಸಿಗೆಯಲ್ಲಿ ದಾವಣಗೆರೆಯಿಂದ ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನ ನಮ್ಮ ಮನೆಗೆ ಬಂದಿದ್ದಾಗ ಅವರನ್ನು ಸಿನ್ಸಿನಾಟಿಗೆ ಹೊರಡಿಸಲು ನಾನು ಹೇಳಿದ್ದು ಒಂದೇ ಮಾತು: "ಅಪ್ಪಾ, ಅಲ್ಲಿ ಬೇಸ್‌ಬಾಲ್ ಕಟ್ಟಿದವನು ಒಬ್ಬ ಕ್ರಿಕೆಟ್ ಕೋಚ್." ಅಷ್ಟು ಸಾಕಾಯ್ತು.

ಆ ಕೋಚ್ ಹ್ಯಾರಿ ರೈಟ್. ಹುಟ್ಟಿದ್ದು 1835ರಲ್ಲಿ, ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. ಕೈಗೂಸಾಗಿದ್ದಾಗಲೇ ಮನೆಯವರು ಅಮೆರಿಕಕ್ಕೆ ಬಂದರು. ತಂದೆ ಸ್ಯಾಮ್ ರೈಟ್ ನ್ಯೂಯಾರ್ಕ್‌ನ ಸೇಂಟ್ ಜಾರ್ಜ್ ಕ್ರಿಕೆಟ್ ಕ್ಲಬ್ಬಿನಲ್ಲಿ ಸಂಬಳದ ಆಟಗಾರ. ಮಗನೂ ಅದೇ ದಾರಿ ಹಿಡಿದ. ಜೊತೆಗೆ ಒಡವೆ ಮಾಡುವ ಕೆಲಸವನ್ನೂ ಕಲಿತ. 1865ರಲ್ಲಿ ಸಿನ್ಸಿನಾಟಿಗೆ ಬಂದಿದ್ದು ಯೂನಿಯನ್ ಕ್ರಿಕೆಟ್ ಕ್ಲಬ್ಬಿನ ಕೋಚ್ ಆಗಿ, ವರ್ಷಕ್ಕೆ 1,200 ಡಾಲರ್‌ಗೆ. ಆದರೆ ಊರಿನವರಿಗೆ ಬೇಸ್‌ಬಾಲ್ ಹುಚ್ಚು ಹಿಡಿದಿತ್ತು. ಸ್ವಲ್ಪ ದಿನಕ್ಕೆ ಬೇಸ್‌ಬಾಲ್ ಕ್ಲಬ್ ಅವನನ್ನು ಅದೇ ಸಂಬಳಕ್ಕೆ ತನ್ನ ಕಡೆ ಎಳೆದುಕೊಂಡಿತು.

ಕೊಲಂಬಸ್‌ನಿಂದ ಐ-71 ಹೆದ್ದಾರಿಯಲ್ಲಿ ಎರಡು ಗಂಟೆ ಸಾಕು. ನಾವು ಮಾಡಿದ ತಪ್ಪು ಏನಂದ್ರೆ, ನೇರ ಒಹಾಯೊ ನದಿ ದಡದ ಗ್ರೇಟ್ ಅಮೆರಿಕನ್ ಬಾಲ್ ಪಾರ್ಕಿಗೆ ಹೋದೆವು. ಅವತ್ತು ಮ್ಯಾಚ್ ಇತ್ತು. ಕೆಂಪು ಟೀ ಶರ್ಟಿನ ಜಾತ್ರೆ. ಪಾರ್ಕಿಂಗ್ ಹುಡುಕುವುದರಲ್ಲೇ ಮುಕ್ಕಾಲು ಗಂಟೆ ಹೋಯ್ತು, ಕೊನೆಗೆ ಸಿಕ್ಕಿದ ಜಾಗದವರು ಕೇಳಿದ ದುಡ್ಡಿಗೆ ಅಪ್ಪ ರೂಪಾಯಿ ಲೆಕ್ಕ ಹಾಕಿ ಬಾಯಿ ಮೇಲೆ ಕೈ ಇಟ್ಟುಕೊಂಡರು. ಇಷ್ಟೆಲ್ಲ ಆದ ಮೇಲೆ ಗೊತ್ತಾಗಿದ್ದು, ಹ್ಯಾರಿ ಆಡಿದ ಮೈದಾನ ಇಲ್ಲಿ ಇರಲೇ ಇಲ್ಲ! ಈ ಸ್ಟೇಡಿಯಂ ಶುರುವಾಗಿದ್ದೇ 2003ರಲ್ಲಿ. ಮ್ಯಾಚ್ ನೋಡುವ ಆಸೆ ಇಲ್ಲದಿದ್ದರೆ ಪಂದ್ಯ ಇಲ್ಲದ ದಿನ ಬನ್ನಿ. ವೇಳಾಪಟ್ಟಿ ಮೊದಲೇ ನೋಡಿಕೊಳ್ಳಿ. ಸೀಸನ್ನಿನ ಮೊದಲ ಪಂದ್ಯದ ದಿನ ಊರಲ್ಲಿ ಮೆರವಣಿಗೆಯೇ ಇರುತ್ತದೆ. ಅದು ಬೇಕೆಂದೇ ಬರುವವರಾದರೆ ಹೋಟೆಲ್ ತುಂಬಾ ಮುಂಚೆ ಮಾಡಿಕೊಳ್ಳಿ.

ನಿಜವಾದ ಜಾಗ ಅಲ್ಲಿಂದ ಎರಡು ಮೈಲಿ ಆಚೆ, ಯೂನಿಯನ್ ಟರ್ಮಿನಲ್ ಹತ್ತಿರ. 1933ರ ಹಳೇ ರೈಲ್ವೆ ಸ್ಟೇಷನ್ ಅದು, ಈಗ ಮ್ಯೂಸಿಯಂ. ಎದುರಿಗೆ ಕಾರಂಜಿ, ಹುಲ್ಲುಹಾಸು. ಹ್ಯಾರಿಯ ತಂಡ ಆಡುತ್ತಿದ್ದ ಯೂನಿಯನ್ ಗ್ರೌಂಡ್ಸ್ ಸುಮಾರಾಗಿ ಇದೇ ಜಾಗದಲ್ಲಿತ್ತು. ಗ್ಯಾಲರಿ, ಬೇಲಿ ಏನೂ ಉಳಿದಿಲ್ಲ, ಆ ನಿರೀಕ್ಷೆ ಇಟ್ಟುಕೊಂಡು ಹೋಗಬೇಡಿ. ಅಪ್ಪ ಮಾತ್ರ ಹುಲ್ಲಿನ ಮೇಲೆ ಹೆಜ್ಜೆ ಎಣಿಸುತ್ತಾ ನಡೆದರು. ಇಪ್ಪತ್ತೆರಡಕ್ಕೆ ನಿಂತು, ಚಪ್ಪಲಿ ತುದಿಯಿಂದ ಗೆರೆ ಎಳೆದು, "ಬೌಲಿಂಗ್ ಕ್ರೀಸ್" ಎಂದರು. ಪಕ್ಕದಲ್ಲಿ ಐಸ್‌ಕ್ರೀಂ ತಿನ್ನುತ್ತಿದ್ದ ಮಗುವೊಂದು ಕಣ್ಣು ಬಿಟ್ಟುಕೊಂಡು ನೋಡುತ್ತಿತ್ತು.

ಆ ಗೆರೆಯ ಪಕ್ಕ ನಿಂತೇ ಅವರಿಗೆ 1869ರ ಕತೆ ಹೇಳಿದೆ. ಅದಕ್ಕೆ ಮೊದಲೂ ಕೆಲವರು ಕದ್ದುಮುಚ್ಚಿ ದುಡ್ಡು ತಗೊಳ್ತಿದ್ದರು. ಇಡೀ ತಂಡಕ್ಕೆ ಎಲ್ಲರಿಗೂ ಗೊತ್ತಾಗುವ ಹಾಗೆ ಸಂಬಳ ಕೊಟ್ಟಿದ್ದು ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್ ಮೊದಲು. ಮೊಣಕಾಲಿನ ತನಕ ಚಡ್ಡಿ, ಕೆಳಗೆ ಕೆಂಪು ಕಾಲುಚೀಲ, ಹೆಸರು ಬಂದಿದ್ದು ಅಲ್ಲಿಂದ. ಹ್ಯಾರಿಗೆ 1,200 ಡಾಲರ್, ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್) ಆಡುತ್ತಿದ್ದ ತಮ್ಮ ಜಾರ್ಜ್‌ಗೆ 1,400. "ಅಣ್ಣ ಕ್ಯಾಪ್ಟನ್, ತಮ್ಮನಿಗೆ ಸಂಬಳ ಜಾಸ್ತಿನಾ?" ಅಪ್ಪ ನಕ್ಕರು. ಜಾರ್ಜ್ ಅಷ್ಟು ದೊಡ್ಡ ಆಟಗಾರ. ಮುಖ್ಯ ತಂಡಗಳ ಎದುರಿನ ಆ ವರ್ಷದ ಲೆಕ್ಕ 57 ಗೆಲುವು, ಸೋಲು ಸೊನ್ನೆ. ಆಗತಾನೆ ಮುಗಿದಿದ್ದ ರೈಲು ದಾರಿ ಹಿಡಿದು ಸ್ಯಾನ್ ಫ್ರಾನ್ಸಿಸ್ಕೋ ತನಕ ಹೋಗಿ ಆಡಿ ಬಂದರು.

ಅಪ್ಪನಿಗೆ ಹಿಡಿಸಿದ್ದು ಈ ಲೆಕ್ಕ ಅಲ್ಲ. ಆಗ ಫೀಲ್ಡರ್‌ಗಳಿಗೆ ಗ್ಲೌಸ್ ಇರಲಿಲ್ಲ ಎಂದೆ. "ಬರಿಗೈಲಿ ಕ್ಯಾಚಾ? ಹಾಗಾದ್ರೆ ನಮ್ಮೋರೇ ಬಿಡು!" ಹ್ಯಾರಿ ಬೌಲ್ ಮಾಡುವಾಗ ಬ್ಯಾಟ್ಸ್‌ಮನ್‌ಗೆ ಕಾದು ಕಾದು ಸಾಕಾಗುವಷ್ಟು ನಿಧಾನವಾದ ಚೆಂಡು ಹಾಕುತ್ತಿದ್ದ. ಜನ ಅದನ್ನು ಇಬ್ಬನಿ ಹನಿ ಅನ್ನುತ್ತಿದ್ದರು. ಒಬ್ಬ ಎಸೆದರೆ ಹಿಂದೆ ಇನ್ನೊಬ್ಬ ಬ್ಯಾಕಪ್ ನಿಲ್ಲಬೇಕು, ಪಂದ್ಯಕ್ಕೆ ಮೊದಲು ಫೀಲ್ಡಿಂಗ್ ಪ್ರಾಕ್ಟೀಸ್ ಆಗಲೇಬೇಕು, ಇದೆಲ್ಲ ಅವನ ಶಿಸ್ತು.

ಸ್ಟೇಷನ್ ಒಳಗಿನ ದೊಡ್ಡ ಗುಮ್ಮಟದ ತನಕ ಟಿಕೆಟ್ ಬೇಡ, ಮ್ಯೂಸಿಯಂಗಳಿಗೆ ಬೇಕು. ಬಾಗಿಲಿನ ಎರಡೂ ಬದಿಗೆ ಕುಡಿಯುವ ನೀರಿನ ತೊಟ್ಟಿಗಳಿವೆ. ಒಬ್ಬರು ಒಂದು ಕಡೆ ಗೋಡೆಗೆ ಮುಖ ಮಾಡಿ ಪಿಸುಗುಟ್ಟಿದರೆ ಕಮಾನು ಹತ್ತಿ ಇನ್ನೊಂದು ತುದಿಗೆ ಕೇಳುತ್ತದೆ. ಮಕ್ಕಳಿದ್ದರೆ ಇಲ್ಲೇ ಅರ್ಧ ಗಂಟೆ ಹೋಗುತ್ತೆ. ನಮಗೂ ಹೋಯ್ತು, ಮಕ್ಕಳಿಲ್ಲದೆ.

ಇದಾದ ಮೇಲೆ ಸ್ಟೇಡಿಯಂ ಪಕ್ಕದ, ಊರಿನ ಈಗಿನ ಬೇಸ್‌ಬಾಲ್ ತಂಡ ರೆಡ್ಸ್‌ನ ಮ್ಯೂಸಿಯಂಗೆ ಹೋಗಿ. ಒಂದು ಎಚ್ಚರಿಕೆ: ಈಗಿನ ರೆಡ್ಸ್ ತಂಡ ಹ್ಯಾರಿಯ ತಂಡದ ನೇರ ಮುಂದುವರಿಕೆ ಅಲ್ಲ. ಹ್ಯಾರಿಯ ತಂಡದವರು 1870ರ ಜೂನ್ 14ರಂದು ಬ್ರೂಕ್ಲಿನ್‌ನಲ್ಲಿ 11 ಇನ್ನಿಂಗ್ಸ್ ಆಡಿ 8-7ರಲ್ಲಿ ಸೋತರು. ಸೋತ ತಂಡಕ್ಕೆ ಜನ ಕಮ್ಮಿಯಾದರು, ಖರ್ಚು ತಡೆಯದೆ ಕ್ಲಬ್ ಸಂಬಳ ನಿಲ್ಲಿಸಿತು. ಹ್ಯಾರಿ ತಮ್ಮನನ್ನೂ ತಂಡದ ಹೆಸರನ್ನೂ ಬಾಸ್ಟನ್‌ಗೆ ಕಟ್ಟಿಕೊಂಡು ಹೋದ, ಅಲ್ಲಿ 1872ರಿಂದ ಸತತ ನಾಲ್ಕು ಸಲ ಚಾಂಪಿಯನ್. ಆ ಬಾಸ್ಟನ್ ತಂಡದ ವಂಶವೇ ಇವತ್ತಿನ ಅಟ್ಲಾಂಟಾ ಬ್ರೇವ್ಸ್ ತಂಡ.

ಊಟದ ಬಗ್ಗೆ: ಇಲ್ಲಿನ ಪ್ರಸಿದ್ಧ ಚಿಲಿ ಅಂದ್ರೆ ಸ್ಪಗೆಟಿ ಮೇಲೆ ದನದ ಮಾಂಸದ ಗೊಜ್ಜು. ಮಾಂಸ ತಿನ್ನದವರು ಅದರ ಬದಲು ಬೀನ್ಸ್ ಹಾಕಿದ್ದು ಸಿಗುತ್ತಾ ಎಂದು ಮೊದಲೇ ಕೇಳಿ. ನಾವು ಚಿತ್ರಾನ್ನ ಕಟ್ಟಿಕೊಂಡು ಹೋಗಿದ್ದೆವು. ಊರೊಳಗೆ ಓಡಾಡಲು ಸ್ಟ್ರೀಟ್‌ಕಾರ್ (ಟ್ರಾಮ್) ಇದೆ, ಟಿಕೆಟ್ ಬೇಡ. ನದಿ ದಡದಿಂದ ಫಿಂಡ್ಲೆ ಮಾರ್ಕೆಟ್ ಕಡೆಗೆ ಹೋಗುತ್ತದೆ, ಯೂನಿಯನ್ ಟರ್ಮಿನಲ್‌ಗೆ ಹೋಗಲ್ಲ. ಅದಕ್ಕೆ ಕಾರು ಅಥವಾ ಬಸ್ಸೇ ಗತಿ.

ಸಂಜೆ ರೋಬ್ಲಿಂಗ್ ತೂಗುಸೇತುವೆ ಮೇಲೆ ನಡೆದು ಆಚೆ ದಡದ ಕೆಂಟಕಿಗೆ ಹೋಗಿ ಬನ್ನಿ. ಹ್ಯಾರಿ ಈ ಊರಲ್ಲಿದ್ದಾಗಲೇ ಶುರುವಾದ ಸೇತುವೆ ಅದು. ಅವನು ನೋಡಿದ್ದರಲ್ಲಿ ಈಗಲೂ ನಿಂತಿರುವುದು ನಮಗೆ ಸಿಕ್ಕಿದ್ದು ಇದೊಂದೇ. ಕಾರು ಓಡಿದಾಗ ಕಾಲಡಿ ಸಣ್ಣಗೆ ನಡುಗುತ್ತದೆ. ಅಪ್ಪ ಕಂಬಿ ಹಿಡಿದುಕೊಂಡು, "ಅವನ ಸಮಾಧಿ ಎಲ್ಲಿದೆ?" ಎಂದು ಕೇಳಿದರು. ಫಿಲಡೆಲ್ಫಿಯಾ ಪಕ್ಕದ ವೆಸ್ಟ್ ಲಾರೆಲ್ ಹಿಲ್ ಸ್ಮಶಾನದಲ್ಲಿ, 1895ರಲ್ಲಿ ತೀರಿಕೊಂಡ ಎಂದೆ. "ಮುಂದಿನ ಸಲ ಟಿಕೆಟ್ ಅಲ್ಲಿಗೇ ಮಾಡು" ಎಂದರು.