ಇಲ್ಲ, ನನ್ನ ಆಂಟಿಬಾಡಿ ಕ್ಯಾನ್ಸರಿನ ಮದ್ದಲ್ಲ

"ಆಂಟಿಬಾಡಿ ಎಂದರೆ ಕೋವಿಡ್ ಸಮಯದಲ್ಲಿ ಕೇಳಿದ್ದೇ ಅಲ್ಲವೇ? ಅದನ್ನು ಕ್ಯಾನ್ಸರಿಗೂ ಕೊಡುತ್ತೀರಾ? ಕೊಟ್ಟರೆ ಗುಣವಾಗುತ್ತದೆಯೇ?" ಮಣಿಪಾಲದ ಒಂದು ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶಗಳ ಔಷಧ ನಿರೋಧವನ್ನು, ಅಂದರೆ ಅವು ಮದ್ದಿಗೆ ಜಗ್ಗದಿರುವುದನ್ನು, ಅಭ್ಯಸಿಸುವ ನನಗೆ ಮದುವೆಯ ಪಂಕ್ತಿಯಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ, ಬಾಡಿಗೆ ಮನೆ ನೋಡಲು ಹೋದಲ್ಲಿ ಈ ಮೂರು ಪ್ರಶ್ನೆಗಳು ಇದೇ ಕ್ರಮದಲ್ಲಿ ಎದುರಾಗುತ್ತವೆ. ಬಾಯಲ್ಲಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರ ವಾಟ್ಸಾಪಿಗೆ ಇದನ್ನೇ ಕಳುಹಿಸುತ್ತೇನೆ. ಓದುವುದೂ ಬಿಡುವುದೂ ಅವರಿಗೆ ಬಿಟ್ಟದ್ದು.

ಉತ್ತರ: ಇಲ್ಲ. ಮದ್ದಾಗಿ ಕೊಡುವ ಆಂಟಿಬಾಡಿಗಳು ಇರುವುದು ನಿಜ. ಸ್ತನ ಕ್ಯಾನ್ಸರಿನ ಕೆಲವು ರೋಗಿಗಳಿಗೆ ಕೊಡುವ ಟ್ರಾಸ್ಟುಜುಮಾಬ್ 1998ರಲ್ಲೇ ಅಮೆರಿಕದಲ್ಲಿ ಅನುಮತಿ ಪಡೆದಿತ್ತು. ನನ್ನ ಫ್ರಿಜ್ಜಿನಲ್ಲಿರುವುದು ಆ ಕೆಲಸದ್ದಲ್ಲ. ಅದು ಸಾವಿರಾರು ಪ್ರೊಟೀನುಗಳ ನಡುವೆ ತನಗೆ ಬೇಕಾದ ಒಂದಕ್ಕೆ ಅಂಟಿಕೊಂಡು, ಅದು ಅಲ್ಲಿದೆಯೋ ಇಲ್ಲವೋ, ಇದ್ದರೆ ಎಷ್ಟಿದೆ ಎಂಬುದನ್ನು ನಮಗೆ ತೋರಿಸುತ್ತದೆ. ಯಾರ ಮೈಯೊಳಗೂ ಹೋಗುವುದಿಲ್ಲ.

ಒಮ್ಮೆ ದೇರಳಕಟ್ಟೆಯ ಪರಿಚಯಸ್ಥರ ಲ್ಯಾಬಿನಿಂದ ಇಂಥದೇ ಒಂದು ಆಂಟಿಬಾಡಿಯನ್ನು ಸ್ವಲ್ಪ ಕಡ ತೆಗೆದುಕೊಂಡು, ಐಸ್ ಪ್ಯಾಕ್ ತುಂಬಿದ ಥರ್ಮೊಕೋಲ್ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಮಂಗಳೂರಿನಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬರುತ್ತಿದ್ದೆ. ಕಂಡಕ್ಟರ್ ಡಬ್ಬಿಯನ್ನು ನೋಡಿ "ಮೀನಾ ಮೇಡಂ? ಕೆಳಗೆ ಇಡಿ" ಎಂದರು. ಮೀನಲ್ಲ, ಲ್ಯಾಬಿನ ಸಾಮಾನು, ಕ್ಯಾನ್ಸರಿನ ಕೆಲಸದ್ದು ಎಂದು ವಿವರಿಸಿದ್ದು ಪಕ್ಕದಲ್ಲಿ ಕುಳಿತಿದ್ದ ಹಿರಿಯ ಹೆಂಗಸಿನ ಕಿವಿಗೆ ಬಿತ್ತು. ಮುಲ್ಕಿ ದಾಟುವಷ್ಟರಲ್ಲಿ ಅವರು ಕೇಳಿಯೇಬಿಟ್ಟರು: "ಮಗಾ, ನನ್ನ ತಂಗಿಗೆ ಆ ಕೆಂಪು ಇಂಜೆಕ್ಷನ್ ಕೊಡ್ತಾ ಇದ್ದಾರೆ, ಅದು ತಾಗುವುದಿಲ್ಲವಂತೆ. ಇದನ್ನು ಒಮ್ಮೆ ಕೊಟ್ಟು ನೋಡಬಹುದಾ?" ಇದು ಮದ್ದಲ್ಲ ಅಮ್ಮ, ಬರೀ ಪರೀಕ್ಷೆಗೆ ಎಂದೆ. ಅವರು ಡಬ್ಬಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಮತ್ತೆ ಇಷ್ಟು ಜಾಗ್ರತೆ ಎಂತಕ್ಕೆ?" ಎಂದರು.

ಜಾಗ್ರತೆ ಎಂತಕ್ಕೆಂದರೆ, 100 ಮೈಕ್ರೋಲೀಟರಿಗೆ, ಅಂದರೆ ಎರಡು ಹನಿಗೆ, ಹತ್ತಾರು ಸಾವಿರ ರೂಪಾಯಿ. ಆದರೆ ತಂಗಿಯ ಚಿಂತೆಯಲ್ಲಿರುವವರಿಗೆ ಇದು ಹೇಳುವ ಉತ್ತರವಲ್ಲ. ಆ ಕೆಂಪು ಇಂಜೆಕ್ಷನ್ ಡಾಕ್ಸೊರುಬಿಸಿನ್ ಇರಬೇಕು, ಮತ್ತು ಅದು ಏಕೆ ತಾಗದೆ ಹೋಗಬಹುದು ಎಂಬುದೇ ನನ್ನ ಕೆಲಸ. ಟೊರಾಂಟೊದಲ್ಲಿ ಜೂಲಿಯಾನೊ ಮತ್ತು ವಿಕ್ಟರ್ ಲಿಂಗ್ ಎಂಬವರು ಕಾಲ್ಚಿಸಿನ್ ಎಂಬ ಔಷಧಕ್ಕೆ ಜಗ್ಗದ ಹ್ಯಾಮ್‌ಸ್ಟರ್ ಕೋಶಗಳ ಹೊರಪೊರೆಯಲ್ಲಿ ಸುಮಾರು 170 ಕಿಲೋಡಾಲ್ಟನ್ (ಅಣುಗಳ ತೂಕದ ಅಳತೆ) ತೂಕದ ಒಂದು ಪ್ರೊಟೀನನ್ನು ಕಂಡು, 1976ರಲ್ಲಿ ಪಿ-ಗ್ಲೈಕೊಪ್ರೊಟೀನ್ ಎಂದು ಹೆಸರಿಟ್ಟರು. ಅದೊಂದು ಪಂಪು; ನನ್ನ ಆಂಟಿಬಾಡಿ ಹುಡುಕುವುದು ಇದನ್ನೇ. ಒಳಬಂದ ಔಷಧವನ್ನು ಹೊರಹಾಕುತ್ತದೆ. ಅದೂ ಒಂದನ್ನಲ್ಲ, ಡಾಕ್ಸೊರುಬಿಸಿನ್, ವಿನ್‌ಕ್ರಿಸ್ಟಿನ್, ಪ್ಯಾಕ್ಲಿಟಾಕ್ಸೆಲ್‌ನಂತಹ ರಚನೆಯಲ್ಲಿ ಪರಸ್ಪರ ಸಂಬಂಧವಿಲ್ಲದ ಹಲವನ್ನು. ಡಾಕ್ಸೊರುಬಿಸಿನ್ ತಾನಾಗಿಯೇ ಹೊಳೆಯುವ ವಸ್ತುವಾದ್ದರಿಂದ ಸೂಕ್ಷ್ಮದರ್ಶಕದಲ್ಲಿ ಮದ್ದು ತಾಗಿದ ಕೋಶದ ನ್ಯೂಕ್ಲಿಯಸ್ ಕೆಂಪಗೆ ಬೆಳಗುತ್ತದೆ; ಪಂಪು ಹೆಚ್ಚಿರುವ ಕೋಶಗಳಲ್ಲಿ ಅದೇ ಜಾಗ ಕತ್ತಲಾಗಿರುತ್ತದೆ.

"ಹಾಗಾದರೆ ಪಂಪನ್ನು ಬಂದ್ ಮಾಡಿ" ಎಂದು ಎಂಜಿನಿಯರುಗಳು ಸಲಹೆ ಕೊಡುತ್ತಾರೆ. ಮಾಡಿ ನೋಡಿಯಾಗಿದೆ ಸ್ವಾಮಿ. ಪಂಪನ್ನು ತಡೆಯುವ ವಾಲ್ಸ್ಪೊಡಾರ್, ಟಾರಿಕ್ವಿಡಾರ್ ಮುಂತಾದ ಔಷಧಗಳು ರೋಗಿಗಳ ಮೇಲಿನ ಪರೀಕ್ಷೆಗಳಲ್ಲಿ ನಿರೀಕ್ಷಿಸಿದ ಫಲ ಕೊಡಲಿಲ್ಲ. ಇದೇ ಪಂಪು ಕರುಳನ್ನೂ ಮಿದುಳನ್ನೂ ವಿಷವಸ್ತುಗಳಿಂದ ಕಾಯುತ್ತದೆ. ಮೇಲಾಗಿ ಎಲ್ಲ ಗಡ್ಡೆಗಳೂ ಪಂಪನ್ನೇ ನಂಬಿಕೊಂಡಿಲ್ಲ. ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಮದ್ದು ಈ ಪಂಪಿಗೆ ಸಿಗುವ ಔಷಧವೇ ಅಲ್ಲ, ಆದರೂ ಅದಕ್ಕೆ ಜಗ್ಗದ ಕೋಶಗಳಿವೆ.

ನನ್ನನ್ನು ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ನಿಮ್ಮ ಆಂಟಿಬಾಡಿ ಹಿಡಿದದ್ದು ನೀವು ಹೇಳುವ ಪ್ರೊಟೀನನ್ನೇ ಎಂದು ನಿಮಗೆ ಹೇಗೆ ಗೊತ್ತು? ಇದನ್ನು ಕೇಳಿದವರಿಗೆ ನಾನು ಕಾಫಿ ಕೊಡಿಸಿ ಉತ್ತರ ಹೇಳುತ್ತೇನೆ. ಲಿಂಗ್ ಅವರ ತಂಡ 1985ರಲ್ಲಿ ಪ್ರಕಟಿಸಿದ ಸಿ219 ಎಂಬ ಆಂಟಿಬಾಡಿ ಈ ಪಂಪನ್ನು ಹುಡುಕಲು ಲೋಕವೆಲ್ಲ ಬಳಸಿದ್ದು. ಅದು ಸ್ನಾಯುವಿನ ಮಯೋಸಿನ್ ಎಂಬ ಪ್ರೊಟೀನಿಗೂ ಅಂಟುತ್ತದೆ ಎಂಬುದು ಆಮೇಲೆ ತಿಳಿಯಿತು. ಸ್ನಾಯುವಿನ ಎಳೆ ಬೆರೆತ ಗಡ್ಡೆಯ ತುಣುಕಿನಲ್ಲಿ ಆಂಟಿಬಾಡಿ ಅಂಟಿದೆಯೆಂದು ತೋರಿಸುವ ಬಣ್ಣ ಕಂಡೊಡನೆ "ಪಂಪು ಸಿಕ್ಕಿತು" ಎಂದು ಬರೆದರೆ ಏನಾಗುತ್ತದೆ ಎಂಬುದನ್ನು ಯೋಚಿಸಿ.

ಇದಕ್ಕೆ ವಿರುದ್ಧವಾದ ಮೋಸವೂ ಉಂಟು. ಬೇರೆ ಪ್ರೊಟೀನುಗಳ ಸ್ಯಾಂಪಲನ್ನು 95 ಡಿಗ್ರಿಯಲ್ಲಿ ಕುದಿಸುವ ರೂಢಿಯಂತೆ ಇದನ್ನೂ ಕುದಿಸಿದರೆ, ಪೊರೆಯಲ್ಲಿ ಹುದುಗಿರುವ ಈ ಪ್ರೊಟೀನು ಮುದ್ದೆಗಟ್ಟಿ, ಪ್ರೊಟೀನುಗಳನ್ನು ತೂಕದಂತೆ ಬೇರ್ಪಡಿಸುವ ಜೆಲ್ಲಿನ ಬಾಯಲ್ಲೇ ಕುಳಿತುಬಿಡುತ್ತದೆ, ಬ್ಯಾಂಡ್ (ಪ್ರೊಟೀನನ್ನು ತೋರಿಸುವ ಗೆರೆ) ಬರಬೇಕಾದ ಜಾಗ ಖಾಲಿಯಾಗಿ ಕಾಣುತ್ತದೆ, ಮತ್ತು ಹೊಸ ವಿದ್ಯಾರ್ಥಿ "ಇದರಲ್ಲಿ ಪಂಪಿಲ್ಲ" ಎಂದು ಸಂತೋಷದಿಂದ ವರದಿ ಮಾಡುತ್ತಾನೆ. ಆದುದರಿಂದ ನಾವು ಒಂದು ಬ್ಯಾಂಡನ್ನು ನೋಡಿ ನಂಬುವುದಿಲ್ಲ. ಪಂಪಿನ ಜೀನನ್ನು ತೆಗೆದುಹಾಕಿದ ಕೋಶದಲ್ಲಿ ಬ್ಯಾಂಡ್ ಮಾಯವಾಗಬೇಕು. ಅದೇ ಪ್ರೊಟೀನಿನ ಬೇರೆ ಭಾಗಕ್ಕೆ ಅಂಟುವ ಎರಡನೆಯ ಆಂಟಿಬಾಡಿಯೂ ಅದನ್ನೇ ಹೇಳಬೇಕು. ವೆರಾಪಮಿಲ್ ಎಂಬ ಔಷಧ ಹಾಕಿ ಪಂಪನ್ನು ತಡೆದಾಗ ಕತ್ತಲಾಗಿದ್ದ ನ್ಯೂಕ್ಲಿಯಸ್ ಮತ್ತೆ ಕೆಂಪಗಾಗಬೇಕು.

ಇಷ್ಟಾದರೂ ಕೋಶವೇ ಬೇರೆಯಾಗಿದ್ದರೆ ಎಲ್ಲವೂ ನೀರಿನಲ್ಲಿ ಹೋಮ. ಸ್ತನ ಕ್ಯಾನ್ಸರಿನ ಎಂಸಿಎಫ್-7 ಕೋಶಗಳಿಂದ ಬೆಳೆಸಿದ, ಡಾಕ್ಸೊರುಬಿಸಿನ್ನಿಗೆ ಜಗ್ಗದ ಸಂತತಿಯೆಂದು ವರ್ಷಗಟ್ಟಲೆ ನಂಬಲಾಗಿದ್ದ ಕೋಶಗಳು ಕೊನೆಗೆ ಅಂಡಾಶಯದ ಕ್ಯಾನ್ಸರಿನ ಬೇರೊಂದು ಸಂತತಿಯವು ಎಂದು ಸಾಬೀತಾಯಿತು. ತಾಯಿ ಮತ್ತು ಮಗಳೆಂದು ಹೋಲಿಸಿ ಬರೆದ ಪ್ರಬಂಧಗಳಲ್ಲಿ ಹೋಲಿಸಿದ್ದು ಯಾರನ್ನೋ ಯಾರೊಂದಿಗೋ. ಆಂಟಿಬಾಡಿ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಈಗ ನಾವು ಆಂಟಿಬಾಡಿಯ ವಯಲ್ ತೆರೆಯುವ ಮೊದಲು ಕೋಶಗಳ ಡಿಎನ್‌ಎ ಗುರುತನ್ನು ಪರೀಕ್ಷಿಸಿಕೊಳ್ಳುತ್ತೇವೆ. ಅದರ ಖರ್ಚು ಆಂಟಿಬಾಡಿಯ ಬೆಲೆಗಿಂತ ಕಡಿಮೆ. ಆದರೂ ಮಂಜೂರಾತಿಗೆ ಕಳುಹಿಸಿದ ಕಡತ "ಇದು ಅಗತ್ಯವೇ?" ಎಂಬ ಟಿಪ್ಪಣಿ ಹೊತ್ತು ಹಿಂದಿರುಗುತ್ತದೆ, ಮತ್ತು ನಾನು ಇಲ್ಲಿ ಬರೆದದ್ದನ್ನೆಲ್ಲ ಅಲ್ಲಿ ಇನ್ನೊಮ್ಮೆ, ಇದಕ್ಕಿಂತ ವಿನಯವಾಗಿ ಬರೆಯುತ್ತೇನೆ.